ಬುಡದ ಚಿಗುರು

ಫಕ್ರುದ್ದೀನನ ಕೈಗೆ ಹೆಸರಿತ್ತು. ಇಂಡಿ ಸುತ್ತ ದ್ರಾಕ್ಷಿ ಹಚ್ಚಿದವರು, ಸಿಂದಗಿ ಕಡೆ ಹೊಸದಾಗಿ ತೋಟ ಮಾಡಿದವರು, ಕಸಿ ಕಟ್ಟುವ ಹಂಗಾಮು ಬಂತೆಂದರೆ ಮೊದಲು ಅವನಿಗೇ ಫೋನ್ ಹಚ್ಚುತ್ತಿದ್ದರು. ಅವನು ಕಟ್ಟಿದ ನೂರು ಕಸಿಯಲ್ಲಿ ತೊಂಬತ್ತೈದು ಹಿಡಿಯುತ್ತವೆ ಎಂದು ಜನ ಹೇಳುತ್ತಿದ್ದರು. ತೊಂಬತ್ತೆಂಟು ಎಂದು ಅವನೇ ತಿದ್ದುತ್ತಿದ್ದ. ತಿದ್ದುವ ಚಟ ಅವನಿಗೆ ಮೊದಲಿನಿಂದಲೂ ಇತ್ತು. ಬೇರೆಯವರ ಗಿಡ, ಬೇರೆಯವರ ಮಾತು, ಬೇರೆಯವರು ನೀರು ಹಾಕುವ ರೀತಿ, ಯಾವುದನ್ನೂ ಇದ್ದಂತೆ ಬಿಟ್ಟವನಲ್ಲ. ತನ್ನದೇ ಒಂದು ತಪ್ಪನ್ನು ತಿದ್ದಿಕೊಳ್ಳುವ ಹೊತ್ತು ಬಂದಾಗ ಮಾತ್ರ ಈ ಮನುಷ್ಯ ಮೂರು ವರ್ಷ ತಡ ಮಾಡಿದ. ಆ ಮೂರು ವರ್ಷದ ಸಂಗತಿ ಹೇಳುವ ಮೊದಲು ಒಂದು ಗಿಡದ ಸಂಗತಿ ಹೇಳಬೇಕು.

ಝಳಕಿಯಲ್ಲಿ ಅವರ ಮನೆ ರಸ್ತೆಗೆ ಹತ್ತಿಕೊಂಡೇ ಇತ್ತು. ತಾಯಿ ಹುಸೇನಬಿ ಹಳೆ ಬಟ್ಟೆಯ ಕೌದಿ ಹೊಲಿದು ಎರಡು ಮಕ್ಕಳನ್ನು ಬೆಳೆಸಿದವಳು. ದೊಡ್ಡವಳು ರಾಜಬಿ, ಅವಳಿಗಿಂತ ಐದು ವರ್ಷ ಚಿಕ್ಕವನು ಫಕ್ರುದ್ದೀನ. ಬಚ್ಚಲ ನೀರು ಹರಿಯುವ ಕಡೆ ಒಂದು ಗಾವಠಿ, ಅಂದರೆ ನಾಟಿ, ಗುಲಾಬಿ ಇತ್ತು. ಅದನ್ನು ಯಾರು ನೆಟ್ಟರೋ ಯಾರಿಗೂ ಗೊತ್ತಿರಲಿಲ್ಲ. ಚಹಾದ ಚರಟ, ಅಕ್ಕಿ ತೊಳೆದ ನೀರು, ಒಲೆಯ ಬೂದಿ, ಇಷ್ಟೇ ಅದರ ಊಟ. ವರ್ಷಕ್ಕೆ ಒಂದೇ ಸಲ, ಛಳಿ ಹಿಂದೆ ಸರಿದು ಬಿಸಿಲು ಏರುವ ಹೊತ್ತಿಗೆ, ಮೈತುಂಬ ಹೂ ಬಿಡುತ್ತಿತ್ತು. ಹೂವು ಸಣ್ಣದು, ಬಣ್ಣ ಮಾಸಲು ಗುಲಾಬಿ, ಸಂಜೆಗೆಲ್ಲ ಎಸಳು ಉದುರಿ ನೆಲಕ್ಕೆ. ಆದರೆ ಆ ಇಪ್ಪತ್ತು ದಿನ ರಸ್ತೆಯಲ್ಲಿ ಹೋಗುವ ಲಾರಿಯವರು ಸಹ ಗಾಡಿ ನಿಲ್ಲಿಸಿ ವಾಸನೆ ಎಲ್ಲಿಂದ ಬಂತೆಂದು ಕೇಳುತ್ತಿದ್ದರು. ಹುಸೇನಬಿ ಎಸಳು ಕೂಡಿಸಿ, ಸಕ್ಕರೆಯ ಜೊತೆ ಗಾಜಿನ ಭರಣಿಯಲ್ಲಿ ಪದರ ಪದರ ಹಾಕಿ, ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟು ಗುಲ್ಕಂದ ಮಾಡುತ್ತಿದ್ದಳು. ಅವಳ ಸೆರಗಿಗೆ, ಬೆರಳಿಗೆ, ಹೊಲಿಯುವ ಕೌದಿಗೆ ಆ ವಾಸನೆ ಹತ್ತಿಕೊಂಡಿರುತ್ತಿತ್ತು.

ರಾಜಬಿ ಮದುವೆಯಾಗಿ ಮುದ್ದೇಬಿಹಾಳಕ್ಕೆ ಹೋಗುವಾಗ ತಾಯಿ ಬೆರಳು ದಪ್ಪದ ಒಂದು ಟೊಂಗೆ ಮುರಿದು, ತುದಿಗೆ ಸಗಣಿ ಮೆತ್ತಿ, ಬುಡಕ್ಕೆ ಹಸಿ ಅರಿವೆ ಸುತ್ತಿ ಕೊಟ್ಟಳು. ಗಂಡನ ಮನೆಯವರು ನಕ್ಕರಂತೆ. ರಾಜಬಿ ಅದನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಊರಿದಳು, ಅದು ಹಿಡಿಯಿತು. ಮುಂದೆ ಹುಸೇನಬಿ ತೀರಿಕೊಂಡಳು. ರಸ್ತೆ ಅಗಲವಾದಾಗ ಝಳಕಿಯ ಮನೆ, ಬಚ್ಚಲು, ಗಿಡ ಎಲ್ಲವೂ ಡಾಂಬರಿನ ಕೆಳಗೆ ಹೋದವು. ಅವ್ವನ ಗುಲಾಬಿ ಅಂತ ಉಳಿದದ್ದು ಮುದ್ದೇಬಿಹಾಳದ ಆ ಹಿತ್ತಲಿನಲ್ಲಿ ಮಾತ್ರ.

ಅಷ್ಟರಲ್ಲಿ ಫಕ್ರುದ್ದೀನ ದೊಡ್ಡ ಮನುಷ್ಯನಾಗಿದ್ದ. ಹತ್ತೊಂಬತ್ತಕ್ಕೆ ಸೊಲ್ಲಾಪುರದ ಒಂದು ನರ್ಸರಿಗೆ ಸೇರಿ, ಕಣ್ಣು ಕಸಿ ಕಲಿತು, ಊರಿಗೆ ಮರಳಿ ಇಂಡಿ ಪಟ್ಟಣದ ಹೊರಗೆ ತನ್ನದೇ ಸಣ್ಣ ನರ್ಸರಿ ಹಾಕಿದ್ದ. ಕಣ್ಣು ಕಸಿ ಎಂದರೆ ನೋಡಲು ಸಣ್ಣ ಕೆಲಸ. ಗಟ್ಟಿ ಬೇರಿನ ಗಿಡವೊಂದರ ತೊಗಟೆಯನ್ನು ಚೂರಿಯಿಂದ ಸೀಳಬೇಕು; ಬೇಕಾದ ಜಾತಿಯ ಟೊಂಗೆಯಿಂದ ಒಂದು ಕಣ್ಣು ಎಬ್ಬಿಸಿ ಆ ಸೀಳಿನೊಳಗೆ ಕೂಡಿಸಬೇಕು; ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಕಣ್ಣು ಹಿಡಿದು ಚಿಗುರಿದ ಮೇಲೆ ಹಳೆ ಗಿಡದ ತಲೆಯನ್ನೆಲ್ಲ ಕತ್ತರಿಸಿ ಹಾಕಬೇಕು. ಅಲ್ಲಿಂದ ಮುಂದೆ ಬೇರು ಮಾತ್ರ ಹಳೆಯದು, ಹೂವು ಹೊಸದು. ಸೊಲ್ಲಾಪುರದಿಂದ ತಂದ ಕಡುಕೆಂಪು ಜಾತಿಯೊಂದು ಅವನಲ್ಲಿತ್ತು, ಮುಷ್ಟಿಯಷ್ಟು ದೊಡ್ಡ ಹೂವು, ಎಂಟು ದಿನವಾದರೂ ಬಾಡುತ್ತಿರಲಿಲ್ಲ. ವಾಸನೆ ಇರಲಿಲ್ಲ, ಆದರೆ ವಾಸನೆ ಕೇಳುವ ಗಿರಾಕಿಯೂ ಅವನಿಗೆ ಸಿಕ್ಕಿರಲಿಲ್ಲ.

ಒಂದು ಸಲ ಅಕ್ಕನ ಮನೆಗೆ ಹೋದವನು ಹಿತ್ತಲಿನ ಗಿಡ ನೋಡಿ ಮುಖ ಸಿಂಡರಿಸಿದ.

"ಇಂಥಾ ಬೇರಿಗೆ ಇಂಥಾ ಹೂವೇನು ಅಕ್ಕಾ? ಒಂದು ಕಣ್ಣು ಕಟ್ಟಿ ಹೊಕ್ಕೇನಿ, ಓಣಿ ಮಂದಿ ಬಂದು ನಿಂತು ನೋಡಬೇಕು."

"ಒಂದು ಟೊಂಗಿಗೆ ಕಟ್ಟು ಬೇಕಾದ್ರ," ಎಂದಳು ರಾಜಬಿ. "ಉಳದದ್ದು ಇದ್ದಾಂಗ ಇರ್ಲಿ."

ಅವನು ಹೂಂ ಅಂದ. ಆದರೆ ಟೊಂಗೆಗೆ ಕಟ್ಟಲಿಲ್ಲ, ಬುಡಕ್ಕೇ ಕಟ್ಟಿದ. ತಿಂಗಳು ಕಳೆದು ಮತ್ತೆ ಬಂದಾಗ ರಾಜಬಿ ಗಂಡನ ಆಪರೇಷನ್‌ಗೆಂದು ವಿಜಯಪುರದ ಆಸ್ಪತ್ರೆಯಲ್ಲಿದ್ದಳು. ಮನೆಯಲ್ಲಿ ಮಗಳು ಶಾಹಿಸ್ತಾ ಒಬ್ಬಳೇ. ಮಾಮಾ ಹಿತ್ತಲಿಗೆ ಹೋದ, ಕತ್ತರಿ ಸದ್ದು ಕೇಳಿತು, ಅರ್ಧ ತಾಸಿನಲ್ಲಿ ಕೈ ತೊಳೆದುಕೊಂಡು ಚಹಾ ಕೇಳಿದ. ಮೂವತ್ತು ವರ್ಷದ ಗಿಡದಲ್ಲಿ ಒಂದು ಗೇಣು ಮೋಟು ಮತ್ತು ಅದರ ಪಕ್ಕ ಕೆಂಪು ಚಿಗುರೊಂದು ಉಳಿದಿತ್ತು. ಕತ್ತರಿಸಿದ ಟೊಂಗೆಗಳನ್ನು ಅವನೇ ಹೊತ್ತು ಓಣಿಯ ತುದಿಗೆ ಒಗೆದು ಬಂದಿದ್ದ, ಆಡುಗಳು ಎಲೆ ತಿಂದು ಮುಗಿಸಿದ್ದವು.

ವಾರದ ಮೇಲೆ ಗಂಡನನ್ನು ಕರೆದುಕೊಂಡು ಬಂದ ರಾಜಬಿ ಹಿತ್ತಲಿನಲ್ಲಿ ಬಹಳ ಹೊತ್ತು ನಿಂತಳಂತೆ. ಆಮೇಲೆ ತಮ್ಮನಿಗೆ ಫೋನ್ ಮಾಡಿದಳು.

"ಅವ್ವನ ಗಿಡಾ ಎಲ್ಲೈತೋ?"

"ಅಲ್ಲೇ ಐತೆಲ್ಲ. ಬೇರು ಅವ್ವಂದ," ಎಂದ ಇವನು. "ಮ್ಯಾಲಿನ ಟೊಂಗಿ ಕೆಲಸಾ ಮುಗೀತು ಅಕ್ಕಾ. ಹೂ ಬಿಡಲಿ, ಆಮ್ಯಾಲೆ ನೀನ ಹೇಳ್ತಿ."

"ಚಲೋ ಆತು ಬಿಡು," ಎಂದು ಅವಳು ಫೋನ್ ಇಟ್ಟಳು. ಅಕ್ಕ ಖುಷಿಯಾದಳೆಂದೇ ತಿಳಿದ ಫಕ್ರುದ್ದೀನ. ಕಣ್ಣಿನ ಕೆಲಸ ಮಾಡುವವನಿಗೆ ಕಿವಿಯೂ ಚುರುಕಾಗಿರಬೇಕೆಂದು ಎಲ್ಲಿದೆ.

ಕೆಂಪು ಗುಲಾಬಿ ಬಂತು, ನಿಜವಾಗಿಯೂ ಓಣಿ ಜನ ಬಂದು ನೋಡಿದರು. ಅದರ ಜೊತೆಗೆ ಅದರ ಸೇವೆಯೂ ಬಂತು. ಮಳೆಗಾಲದಲ್ಲಿ ಎಲೆಗೆ ಕರಿ ಚುಕ್ಕೆ, ಛಳಿಗಾಲದಲ್ಲಿ ಬೂದಿರೋಗ, ಬಿಸಿಲಿಗೆ ಹೇನು, ನಡುನಡುವೆ ತುದಿಯಿಂದ ಕಪ್ಪಾಗಿ ಒಣಗುವ ಟೊಂಗೆ. ಕರಿಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆಂದು ಫಕ್ರುದ್ದೀನ ಬುಡ ಅಗೆದು ಉಸುಕು ಕೂಡಿಸಿದ, ಬೇವಿನ ಹಿಂಡಿ ಹಾಕಿದ, ಎಲೆಯ ಮೇಲೆ ನೀರು ಚೆಲ್ಲಬೇಡವೆಂದು ಅಕ್ಕನಿಗೆ ಪಾಠ ಹೇಳಿದ. ಎಲ್ಲಕ್ಕಿಂತ ಮುಖ್ಯ ಪಾಠ ಬುಡದ ಚಿಗುರಿನದು. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಹಳೆ ಬೇರು ತನ್ನದೇ ಚಿಗುರು ಕಳಿಸುತ್ತಿರುತ್ತದೆ. ಅದನ್ನು ಬಿಟ್ಟರೆ ಅದೇ ಬೆಳೆದು ಮೇಲಿನ ಕಸಿಯನ್ನು ಸಾಯಿಸುತ್ತದೆ. ಕತ್ತರಿಯಿಂದ ಕತ್ತರಿಸಿದರೆ ಮತ್ತೆ ನಾಲ್ಕು ಬರುತ್ತವೆ, ಆದ್ದರಿಂದ ಮಣ್ಣು ಸರಿಸಿ, ಹುಟ್ಟಿದ ಜಾಗಕ್ಕೇ ಕೈ ಹಾಕಿ, ಬೇರಿಗೆ ಅಂಟಿದ ಅದರ ಹಿಮ್ಮಡಿಯ ಸಮೇತ ಜಗ್ಗಿ ಕೀಳಬೇಕು. ವರ್ಷಕ್ಕೆ ಮೂರು ನಾಲ್ಕು ಸಲ ಮುದ್ದೇಬಿಹಾಳಕ್ಕೆ ಹೋಗುತ್ತಿದ್ದ ಫಕ್ರುದ್ದೀನ ಪ್ರತಿ ಸಲವೂ ಅಂಗಿಯ ತೋಳು ಮಡಚಿ ಮೊದಲು ಇದೇ ಕೆಲಸ ಮಾಡುತ್ತಿದ್ದ.

"ಅದೊಂದು ಇರ್ಲಿ ಬಿಡೋ ತಮ್ಮಾ," ಎಂದು ರಾಜಬಿ ಮೊದಮೊದಲು ಹೇಳುತ್ತಿದ್ದಳು.

"ನಿನಗ ತಿಳ್ಯಾಂಗಿಲ್ಲ ಅಕ್ಕಾ. ಇವು ಕಳ್ಳ ಚಿಗುರು."

ಕೆಲವು ವರ್ಷಗಳ ಮೇಲೆ ಅವಳು ಹೇಳುವುದನ್ನು ಬಿಟ್ಟಳು. ಅವನು ಕಿತ್ತು ಒಗೆದ ಚಿಗುರುಗಳನ್ನು ಕಸಬರಿಗೆಯಿಂದ ಒಂದು ಮೂಲೆಗೆ ಗುಡಿಸಿ, ಒಳಗೆ ಹೋಗಿ ಅವನಿಗೆ ರೊಟ್ಟಿ ಬಡಿಯುತ್ತಿದ್ದಳು. ಹೊರಡುವಾಗ ಪ್ರತಿ ಬೇಸಿಗೆ ಒಂದು ಬಾಟಲಿ ಗುಲ್ಕಂದ ಕೈಗೆ ಕೊಡುತ್ತಿದ್ದಳು. ಅದನ್ನು ಅವನು ಎಲೆಯಡಿಕೆಯೊಳಗೆ ಹಾಕಿಕೊಂಡು, ಮೇಲೆ ತಂಬಾಕು ತುರುಕಿ, ಮಳೆಗಾಲ ಕಳೆಯುವ ತನಕ ಜಗಿಯುತ್ತಿದ್ದ.

ಆ ಚಿಗುರು ಯಾವುದೆಂದು ಅವನಿಗೆ ತಿಳಿಯದ್ದೇನಲ್ಲ. ತಲೆಗೆ ತಿಳಿದಿತ್ತು. ಆದರೆ ಕಸಿಯವನ ಕಣ್ಣಿಗೆ ಬುಡದ ಚಿಗುರಿಗೆ ಹೆಸರೇ ಇಲ್ಲ. ಅದು ಬರೀ ಕೀಳಬೇಕಾದದ್ದು. ಹದಿಮೂರು ವರ್ಷ ಹೀಗೇ ನಡೆಯಿತು.

ನಡುವೆ ಕರೋನಾ ಬಂತು. ಎರಡು ವರ್ಷ ಅವನಿಗೆ ಮುದ್ದೇಬಿಹಾಳಕ್ಕೆ ಹೋಗಲಾಗಲಿಲ್ಲ. ರಾಜಬಿಯ ಗಂಡ ಅದರಲ್ಲೇ ಹೋದ; ಮಣ್ಣು ಕೊಡಲಿಕ್ಕೂ ಇವನನ್ನು ಹೋಗಲು ಬಿಡಲಿಲ್ಲ. ಎಲ್ಲ ತಿಳಿಯಾದ ಮೇಲೆ ಒಂದು ಬೇಸಿಗೆಯ ಮೊದಲಲ್ಲಿ ಅವನು ಸಿಂದಗಿಗೆ ಒಂದು ಬಸ್ಸು, ತಾಳಿಕೋಟೆಗೆ ಇನ್ನೊಂದು, ಅಲ್ಲಿಂದ ಮತ್ತೊಂದು ಹಿಡಿದು ಅಕ್ಕನ ಮನೆ ಮುಟ್ಟಿದ. ಮಾತಾಡಿಸಿ, ಅತ್ತು, ನೀರು ಕುಡಿದು, ಹಿತ್ತಲಿಗೆ ಹೋದ. ಕೆಂಪು ಗಿಡ ಅರ್ಧ ಒಣಗಿತ್ತು. ಒಗೆಯುವ ಕಲ್ಲಿನ ಹಿಂದೆ, ಕಣ್ಣಿಗೆ ಬೀಳದ ಕಡೆ, ಬುಡದ ಚಿಗುರೊಂದು ಎದೆಯೆತ್ತರ ಬೆಳೆದಿತ್ತು. ಅವನ ಕೈ ತಾನಾಗಿಯೇ ಮಣ್ಣಿಗೆ ಹೋಯಿತು. ಸರಿಸಿದ, ಜಗ್ಗಿದ, ಕಿತ್ತ. ಕಿತ್ತು ಎತ್ತುವಾಗ ಅದರ ತುದಿ ಅವನ ಮುಖಕ್ಕೆ ತಾಗಿತು. ತುದಿಯಲ್ಲಿ ಒಂದು ಹೂವಿತ್ತು.

ಅವ್ವನ ಸೆರಗಿನ ವಾಸನೆ. ಬೇರೆ ಏನೂ ಅಲ್ಲ. ಕೌದಿ ಹೊಲಿಯುವ ಅವ್ವ, ಮಾಳಿಗೆಯ ಮೇಲೆ ಭರಣಿ ತಿರುಗಿಸಿಡುವ ಅವ್ವ, ಜ್ವರ ಬಂದಾಗ ಹಣೆಯ ಮೇಲೆ ಕೈ ಇಟ್ಟ ಅವ್ವ, ಎಲ್ಲ ಒಮ್ಮೆಲೇ ಬಂದು ಅವನ ಎದೆಗೆ ಗುದ್ದಿದಂತಾಯಿತು. ಅವನಿಗೆ ಆಗ ಐವತ್ತೊಂಬತ್ತು. ತಾನು ಇಷ್ಟು ವರ್ಷ ಈ ಹಿತ್ತಲಿಗೆ ಬಂದು ಕಿತ್ತೆಸೆದದ್ದು ಅವ್ವನ ಗಿಡವನ್ನು. ಅದು ಬದುಕಬೇಕೆಂದು ಮತ್ತೆ ಮತ್ತೆ ತಲೆ ಎತ್ತಿದಾಗೆಲ್ಲ ಹುಡುಕಿ ಹುಡುಕಿ ಕಿತ್ತಿದ್ದ.

ಬಾಗಿಲಲ್ಲಿ ರಾಜಬಿ ನಿಂತಿದ್ದಳು. "ಅದರಾಗ ಹೂವಿತ್ತು ತಮ್ಮಾ," ಎಂದಳು.

ಆಗ ಹೇಳಬೇಕಿತ್ತು. ಅಕ್ಕಾ, ತಪ್ಪಾತು ಎಂಬ ಎರಡೇ ಮಾತು. ಬಾಯಿಯ ತನಕ ಬಂದಿದ್ದವು. ಆದರೆ ಕೈಯಲ್ಲಿ ಕಿತ್ತ ಗಿಡ ಹಿಡಿದುಕೊಂಡು, ಇಷ್ಟು ವರ್ಷ ಅವಳಿಗೇ ಪಾಠ ಹೇಳಿದವನು, ಹೇಗೆ ಹೇಳುತ್ತಾನೆ?

"ಬುಡದ ಚಿಗುರು ಅಕ್ಕಾ," ಎಂದ. ಅವಳು ಒಳಗೆ ಹೋದಳು.

ಅವಳು ಕಾಣದಂತೆ ಆ ಚಿಗುರನ್ನು ಹಸಿ ಟವೆಲ್‌ನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಬಸ್ಸಿನಲ್ಲಿ ಕುಳಿತಾಗ ಅವನೊಂದು ತೀರ್ಮಾನ ಮಾಡಿದ. ಇದನ್ನು ಬದುಕಿಸುವುದು, ಹೂ ಬಿಡಿಸುವುದು, ಹೂವಿನ ಸಮೇತ ಕುಂಡವನ್ನು ತಂದು ಅಕ್ಕನ ಮುಂದೆ ಇಟ್ಟು ತಪ್ಪು ಒಪ್ಪಿಕೊಳ್ಳುವುದು. ಕೈಯಲ್ಲಿ ಹೂವಿದ್ದರೆ ಮಾತು ಸುಲಭವಾಗಿ ಬರುತ್ತದೆಂದು ಅವನ ಲೆಕ್ಕ.

ಹಿಮ್ಮಡಿ ಸಮೇತ ಕಿತ್ತದ್ದಕ್ಕೆ ಸಣ್ಣ ಬೇರುಗಳಿದ್ದವು, ಗಿಡ ಸುಲಭವಾಗಿ ಹಿಡಿಯಿತು. ಕುಂಡದಲ್ಲಿ ಸೊಂಪಾಗಿ ಬೆಳೆಯಿತು. ಅಕ್ಟೋಬರ್ ಬಂದಾಗ ಫಕ್ರುದ್ದೀನ ದ್ರಾಕ್ಷಿಗೆ ಮಾಡುವಂತೆ, ಉಳಿದ ಗುಲಾಬಿಗೆ ಮಾಡುವಂತೆ, ಅದಕ್ಕೂ ಚಾಟಣಿ ಮಾಡಿದ, ಅಂದರೆ ಟೊಂಗೆಗಳನ್ನು ಗಿಡ್ಡ ಮಾಡಿ ಕತ್ತರಿಸಿದ. ಬೇಸಿಗೆಗೆ ಹೂ ಬರಲಿಲ್ಲ. ಮಣ್ಣು ಬದಲಿಸಿದ, ಗೊಬ್ಬರ ಬದಲಿಸಿದ, ಎರಡನೆಯ ಅಕ್ಟೋಬರಿಗೆ ಇನ್ನೂ ಜೋರಾಗಿ ಚಾಟಣಿ ಮಾಡಿದ. ಎರಡನೆಯ ಬೇಸಿಗೆಯೂ ಬರೀ ಎಲೆ. ನೂರಕ್ಕೆ ತೊಂಬತ್ತೆಂಟು ಹಿಡಿಸುವ ಕೈಗೆ ಇದು ಅವಮಾನವೇ ಆಯಿತು.

ಹೆಂಡತಿ ಅಖ್ತರಬೇಗಂ ಒಂದು ದಿನ ನೀರು ಹಾಕುತ್ತ ಕೇಳಿದಳು. "ನಿಮ್ಮವ್ವ ಇದಕ್ಕ ಎಂದರ ಕತ್ತರಿ ಹಚ್ಚಿದ್ದರೇನ್ರಿ?"

ಅವನು ನೆನಪು ಮಾಡಿಕೊಂಡ. ಅವ್ವನ ಮನೆಯಲ್ಲಿ ಕತ್ತರಿ ಇದ್ದದ್ದು ಬಟ್ಟೆಗೆ ಮಾತ್ರ. ಆಗ ಹೊಳೆಯಿತು. ಈ ಗಾವಠಿ ಜಾತಿ ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಹಳೆ ಟೊಂಗೆಯ ಮೇಲೆ. ಚಾಟಣಿ ಮಾಡಿದಾಗೆಲ್ಲ ಅವನು ಬರುವ ಬೇಸಿಗೆಯ ಹೂವನ್ನೇ ಕತ್ತರಿಸಿ ಹಾಕುತ್ತಿದ್ದ. ನಲವತ್ತು ವರ್ಷ ಗುಲಾಬಿ ಮಾಡಿದವನು ತನ್ನ ತಾಯಿಯ ಗುಲಾಬಿಯ ಸ್ವಭಾವವನ್ನು ತಿಳಿದಿರಲಿಲ್ಲ. ಮೂರನೆಯ ಅಕ್ಟೋಬರಿಗೆ ಅವನು ಕತ್ತರಿಯನ್ನು ಅದರ ಹತ್ತಿರ ಒಯ್ಯಲಿಲ್ಲ.

ಈ ನಡುವೆ ರಾಜಬಿಗೆ ಹೃದಯದ ತೊಂದರೆ ಶುರುವಾಗಿತ್ತು. ಫಕ್ರುದ್ದೀನ ಮುದ್ದೇಬಿಹಾಳಕ್ಕೆ ಹೋಗುವುದನ್ನೇ ಕಡಿಮೆ ಮಾಡಿದ್ದ. ಹೋದರೂ ಹಿತ್ತಲಿಗೆ ಕಾಲಿಡುತ್ತಿರಲಿಲ್ಲ. ಅಕ್ಕನ ಮುಂದೆ ಆ ಮಾತು ಬಿಟ್ಟು ಬೇರೆ ಏನೋ ಮಾತಾಡಿ ಸಂಜೆ ಬಸ್ಸಿಗೆ ಎದ್ದುಬಿಡುತ್ತಿದ್ದ.

"ಹೂವು ಯಾಕ ಬೇಕ್ರಿ?" ಎಂದಳು ಅಖ್ತರಬೇಗಂ. "ಬಸ್ ಹತ್ತಿ ಹೋಗಿ ಹೇಳಿ ಬರ್ರಿ. ಒಡಹುಟ್ಟಿದಾಕಿ, ಬೈತಾಳಾ?"

"ಬೈದ್ರ ಚಲೋ ಇತ್ತು. ಖಾಲಿ ಕೈಲೆ ಹೋಗಿ ಏನ್ ಹೇಳ್ಲಿ?"

ಡಿಸೆಂಬರಿನಲ್ಲಿ ರಾಜಬಿಯೇ ಫೋನ್ ಮಾಡಿದಳು. ಉಸಿರು ಹತ್ತುತ್ತಿತ್ತು. "ತಮ್ಮಾ, ಒಮ್ಮೆ ಬಂದು ಹೋಗು."

ಫಕ್ರುದ್ದೀನ ಕುಂಡದ ಪಕ್ಕದಲ್ಲೇ ನಿಂತಿದ್ದ. ಗಿಡ ತುಂಬ ಹಳೆ ಟೊಂಗೆ, ಮೊಗ್ಗಿನ ಸುಳಿವು ಇನ್ನೂ ಇಲ್ಲ. "ಇನ್ನೊಂದು ಎರಡು ತಿಂಗಳ ಅಕ್ಕಾ, ಬರ್ತೇನಿ. ನಿನಗ ಒಂದು ತರೋದೈತಿ."

"ಏನೂ ತರಬ್ಯಾಡೋ. ನೀ ಬಾ."

"ಫೆಬ್ರವರಿಗೆ ಖರೇನ ಬರ್ತೇನಿ."

"ಆಗ್ಲಿ," ಎಂದಳು. ಆ ಆಗ್ಲಿ ಎಂಬ ಮಾತನ್ನು ಅವನು ಆಮೇಲೆ ಎಷ್ಟು ಸಲ ನೆನೆದನೋ ಲೆಕ್ಕವಿಲ್ಲ. ಜನವರಿಯ ಎರಡನೆಯ ವಾರ, ಬೆಳಗಿನ ನಮಾಜು ಮುಗಿಸಿ ಮಸೀದಿಯಿಂದ ಹೊರಗೆ ಬರುವಾಗ ಶಾಹಿಸ್ತಾಳ ಫೋನ್ ಬಂತು. ಮಾಮಾ ಎಂದು ಒಂದು ಮಾತು ಹೇಳಿ ಅವಳು ಅಳತೊಡಗಿದಳು, ಮುಂದಿನದನ್ನು ಕೇಳುವ ಅಗತ್ಯವಿರಲಿಲ್ಲ. ಮಣ್ಣಿನ ದಿನ ಅವನು ಅಕ್ಕನಿಗೆ ಹೆಗಲು ಕೊಟ್ಟ, ಹಿಡಿ ಮಣ್ಣು ಹಾಕಿದ. ಕೈ ಖಾಲಿಯೇ ಇತ್ತು.

ನಲವತ್ತನೆಯ ದಿನ ಬೆಳಗ್ಗೆ ಕುಂಡದ ಗಿಡದಲ್ಲಿ ಮೊದಲ ಮೊಗ್ಗು ಬಿಚ್ಚಿತು. ಒಂದು ಅರಳಿದ್ದು, ಏಳು ಮೊಗ್ಗು. ಅವನು ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೂರು ಬಸ್ಸು ಬದಲಿಸಿದ. ತಾಳಿಕೋಟೆಯಲ್ಲಿ ಪಕ್ಕಕ್ಕೆ ಕುಳಿತ ಹೆಣ್ಣುಮಗಳೊಬ್ಬಳು ಎಂಥಾ ಚಂದ ವಾಸನಿ ಎಂದಾಗ ಮುಖ ಕಿಟಕಿಯ ಕಡೆ ತಿರುಗಿಸಿದ.

ಮನೆಯಲ್ಲಿ ಫಾತಿಹಾ ಪ್ರಾರ್ಥನೆ ಮುಗಿದು ಮಂದಿ ಊಟಕ್ಕೆ ಕುಳಿತಿದ್ದರು. ಅವನು ಕುಂಡ ಹಿಡಿದು ಹಿತ್ತಲಿಗೆ ಹೋದ. ಕೆಂಪು ಗಿಡ ಪೂರ್ತಿ ಸತ್ತಿತ್ತು, ಬುಡದಿಂದಲೂ ಏನೂ ಬಂದಿರಲಿಲ್ಲ. ಅವನು ಅಷ್ಟು ಚೊಕ್ಕಟವಾಗಿ ಕಿತ್ತಿದ್ದ. ಒಗೆಯುವ ಕಲ್ಲಿನ ಮೇಲೆ ಕುಂಡ ಇಟ್ಟು ನಿಂತಾಗ ಪಕ್ಕದ ಮನೆಯ ಸಾವಿತ್ರವ್ವ ಬುಟ್ಟಿ ಹಿಡಿದುಕೊಂಡು ಹಿತ್ತಲ ಬಾಗಿಲಿನಿಂದ ಬಂದಳು. ರಾಜಬಿಯ ಜೊತೆ ನಲವತ್ತು ವರ್ಷ ಗೋಡೆ ಹಂಚಿಕೊಂಡವಳು. ಬುಟ್ಟಿಯ ತುಂಬ ಹೂವಿತ್ತು. ಸಣ್ಣ ಹೂವು, ಮಾಸಲು ಗುಲಾಬಿ ಬಣ್ಣ.

ಫಕ್ರುದ್ದೀನನಿಗೆ ಕಣ್ಣು ನಂಬಲಾಗಲಿಲ್ಲ. "ಇವು ಎಲ್ಲೀವ್ರಿ ಸಾವಿತ್ರವ್ವಾ?"

"ಗೋರಿಗೆ ಹಾಕ್ರಿ ಅಣ್ಣಾರ, ಅದಕ್ಕ ತಂದೇನಿ. ರಾಜಕ್ಕಂದ ಗಿಡಾ. ನಮ್ಮ ಹಿತ್ತಲದಾಗ ಐತಿ." ಅವಳು ಬುಟ್ಟಿಯನ್ನು ಅವನ ಕಡೆ ಚಾಚಿದಳು. "ನೀವು ಕಿತ್ತು ಒಗದ ಚಿಗುರು ಆರಿಸಿ ನನಗ ತಂದು ಕೊಡತಿದ್ಲು. ಅದರಾಗ ಮೂರು ಹಿಡದಾವ. ಹದಿನಾಲ್ಕು ವರ್ಷ ಆತು."

ಗೋಡೆ ಆಳೆತ್ತರದ್ದು. ಅವನು ಹೋಗಿ ತುದಿಗಾಲಲ್ಲಿ ನಿಂತು ಆಚೆ ನೋಡಿದ. ಮೂರು ಗಿಡ, ಎದೆಯೆತ್ತರ, ಒಂದಕ್ಕೊಂದು ಹೆಣೆದುಕೊಂಡು ಗೋಡೆಯುದ್ದಕ್ಕೂ ಹಬ್ಬಿದ್ದವು. ಯಾರೂ ಕತ್ತರಿ ಹಚ್ಚಿರಲಿಲ್ಲ. ಎಲೆ ಕಾಣದಷ್ಟು ಹೂವು.

"ನನಗ ಯಾಕ ಹೇಳಲಿಲ್ರಿ?"

"ಹೇಳಬ್ಯಾಡ ಅಂದಿದ್ಲು. ಕಂಡ್ರ ಇದಕ್ಕೂ ಒಂದು ಕಣ್ಣು ಕಟ್ತಾನ ಅಂತಿದ್ಲು, ನಗತಿದ್ಲು." ಸಾವಿತ್ರವ್ವ ಬುಟ್ಟಿ ಕೆಳಗಿಟ್ಟಳು. "ಅವ್ವನ ಗಿಡಾ ಏನ ಮಾಡಿದೆ ನಾ ಅಂತ ತಮ್ಮ ಎಂದರ ತಾನ ಬಾಯಿಬಿಟ್ಟ ಕೇಳಿದ್ರ ಅವತ್ತ ಕೈ ಹಿಡಿದು ಕರ್ಕೊಂಡು ಬಂದು ತೋರಸ್ತೇನಿ ಅಂತಿದ್ಲು. ಡಿಸೆಂಬರದಾಗ ನಿಮಗ ಫೋನ್ ಹಚ್ಚಿದ್ಲಲ್ಲ, ಅವತ್ತ ಇಲ್ಲೇ ಗಿಡದ ಹತ್ತರ ಕುಂತಿದ್ಲು. ಇನ್ನ ಕೇಳೂತನಕ ಕಾಯಾಂಗಿಲ್ಲ, ಬಂದ್ರ ನಾನ ತೋರಸ್ತೇನಿ ಅಂದ್ಲು."

ಫಕ್ರುದ್ದೀನ ಗೋಡೆ ಹಿಡಿದು ನಿಂತ. ಮೂರು ಬೇಸಿಗೆ ಅವನು ಒಂದು ಹೂವಿಗಾಗಿ ಕಾಯ್ದಿದ್ದ. ಅಷ್ಟೂ ದಿನ ಅವಳು ಒಂದು ಮಾತಿಗಾಗಿ ಕಾಯ್ದಿದ್ದಳು. ಹೂವು ಅವಳಲ್ಲಿ ಬುಟ್ಟಿಗಟ್ಟಲೆ ಇತ್ತು.

"ವರ್ಷಾ ವರ್ಷಾ ನಿಮಗ ಕೊಡತಿದ್ಲಲ್ಲ ಗುಲ್ಕಂದ," ಎಂದಳು ಸಾವಿತ್ರವ್ವ, "ಅದು ಯಾವ ಹೂವಿಂದಂತ ತಿಳಿದಿದ್ರಿ ಅಣ್ಣಾರ?"

ಅವನು ಏನೂ ತಿಳಿದಿರಲಿಲ್ಲ. ತಂಬಾಕಿನ ಜೊತೆ ಜಗಿದು ಉಗುಳಿದ್ದ. ವಾಸನೆಯಿಲ್ಲದ ಕೆಂಪು ಹೂವಿನಿಂದ ಗುಲ್ಕಂದ ಆಗುವುದಿಲ್ಲವೆಂದು ಗಿರಾಕಿಗಳಿಗೆ ತಾನೇ ಹೇಳುತ್ತಿದ್ದವನು, ಅಕ್ಕನ ಭರಣಿಗೆ ಎಸಳು ಎಲ್ಲಿಂದ ಬಂತೆಂದು ಒಂದು ಸಲವೂ ಕೇಳಲಿಲ್ಲ.

ಒಗೆಯುವ ಕಲ್ಲಿನ ಮೇಲೆ ಅವನ ಕುಂಡ ಇತ್ತು, ಒಂದು ಹೂವು, ಏಳು ಮೊಗ್ಗು. ಅದನ್ನು ನೋಡಿ, ಆಚೆಯ ಗಿಡಗಳನ್ನು ನೋಡಿ, ಕೊನೆಗೆ ಸಾವಿತ್ರವ್ವನ ಕಡೆ ತಿರುಗಿದ.

"ತಪ್ಪಾತ್ರಿ," ಎಂದ. "ನಂದ ತಪ್ಪಾತು. ಅವ್ವನ ಗಿಡಾ ನಾ ಹಾಳು ಮಾಡಿದೆ." ಮೂರು ವರ್ಷ ತಡೆದಿಟ್ಟ ಮಾತು ಸರಾಗವಾಗಿ ಬಂತು, ಕೈಯಲ್ಲಿ ಏನೂ ಹಿಡಿದಿರಲಿಲ್ಲ.

ಸಾವಿತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನಗ್ಯಾಕ ಹೇಳ್ತೀರಿ ಅಣ್ಣಾರ," ಎಂದಳು.